ಟೆಂಟಿನಲ್ಲೇ ವರ್ಷಗಟ್ಟಲೆ ಬದುಕುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಟೆಂಟಿನಲ್ಲಿ ವಾಸ ಶುರು ಮಾಡಿ ಇದು ಐದನೇ ವರ್ಷ. ಒಂದೆರಡು ರಾತ್ರಿಯ ಕ್ಯಾಂಪಿಂಗ್ ಅಲ್ಲ. ಮಳೆ, ಚಳಿ, ಬಿಸಿಲು ಎಲ್ಲವನ್ನೂ ಅದೇ ಬಟ್ಟೆಯ ಸೂರಿನ ಕೆಳಗೆ ಕಳೆದಿದ್ದೇನೆ. ವಿಷಯ ಗೊತ್ತಾದವರೆಲ್ಲ ಹೆಚ್ಚುಕಡಿಮೆ ಇವೇ ಪ್ರಶ್ನೆ ಕೇಳುತ್ತಾರೆ. ಕೆಲವರು ಕುತೂಹಲಕ್ಕೆ ಕೇಳಿದರೆ, ಇನ್ನು ಕೆಲವರು ತಾವೂ ಹೊರಡುವ ಆಲೋಚನೆಯಲ್ಲಿ ಕೇಳುತ್ತಾರೆ. ಆ ಹೊರಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ತಾವಾಗಿ ಈ ಬದುಕನ್ನು ಆರಿಸಿಕೊಳ್ಳುವವರಿಗೆ. ಯುದ್ಧದಿಂದಲೋ ನೆರೆಯಿಂದಲೋ ಮನೆ ಕಳೆದುಕೊಂಡು ಟೆಂಟಿಗೆ ಬಂದವರ ಪಾಡು ಬೇರೆ. ನಮಗೆ ಸಾಕಾದರೆ ವಾಪಸ್ ಹೋಗಬಹುದು, ಅವರಿಗೆ ಹೋಗಲು ಜಾಗವಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಬಾರದು.

ನಿಜವಾಗಿಯೂ ವರ್ಷಗಟ್ಟಲೆ ಟೆಂಟಿನಲ್ಲಿ ಇರಲು ಆಗುತ್ತಾ?

ಆಗುತ್ತೆ. ಮಂಗೋಲಿಯಾದ ಅಲೆಮಾರಿ ಕುರಿಗಾಹಿಗಳು ‘ಗೇರ್’ ಎನ್ನುವ ದುಂಡನೆಯ ಡೇರೆಯಲ್ಲಿ ತಲೆಮಾರುಗಳಿಂದ ಬದುಕುತ್ತಿದ್ದಾರೆ. ಅಲ್ಲಿ ಚಳಿಗಾಲದಲ್ಲಿ ಉಷ್ಣಾಂಶ ಸೊನ್ನೆಗಿಂತ 30 ಡಿಗ್ರಿ ಕೆಳಗೆ ಹೋಗುತ್ತದೆ. ಮರದ ಜಾಲರಿಯ ಗೋಡೆ, ಅದರ ಮೇಲೆ ಕುರಿ ಉಣ್ಣೆಯನ್ನು ತಟ್ಟಿ ಮಾಡಿದ ದಪ್ಪ ಹೊದಿಕೆ, ನಡುವೆ ಒಲೆ. ಅಷ್ಟೇ ಅವರ ಮನೆ. ಅರಬ್ ಮರುಭೂಮಿಯ ಬೆದೂಯಿನ್ ಜನರದ್ದು ಮೇಕೆ ಕೂದಲಿನಿಂದ ನೇಯ್ದ ಕಪ್ಪು ಡೇರೆ. ಒಣಗಿದಾಗ ಅದರ ನೇಯ್ಗೆ ಸಡಿಲವಾಗಿದ್ದು ಗಾಳಿ ಆಡುತ್ತದೆ. ಮಳೆ ಬಿದ್ದರೆ ಕೂದಲು ಉಬ್ಬಿ ಸಂದು ಮುಚ್ಚಿಕೊಳ್ಳುತ್ತದೆ.

ಆದರೆ ಅವರ ಕೈಯಲ್ಲಿ ತಲೆಮಾರುಗಳ ಕಸುಬು ಇದೆ. ನಾವು ಹೋಗಿ ಕೊಳ್ಳುವ ಟೆಂಟುಗಳಲ್ಲಿ ಹೆಚ್ಚಿನವು ವಾರದ ಕೊನೆಯ ಪ್ರವಾಸಕ್ಕೆ ಮಾಡಿದವು. ಅದನ್ನೇ ಹಾಕಿಕೊಂಡು ಎರಡು ವರ್ಷ ಇರುತ್ತೇನೆ ಅಂತ ಹೊರಟರೆ ಆರು ತಿಂಗಳಲ್ಲೇ ಕೈಕೊಡುತ್ತದೆ.

ಯಾವ ಬಟ್ಟೆಯ ಟೆಂಟ್ ಒಳ್ಳೆಯದು?

ಒಂದೇ ಜಾಗದಲ್ಲಿ ಉಳಿಯುವುದಾದರೆ ಹತ್ತಿಯ ಕ್ಯಾನ್ವಾಸ್. ಹತ್ತಿ ಜತೆ ಪಾಲಿಯೆಸ್ಟರ್ ಬೆರೆಸಿ ನೇಯ್ದದ್ದೂ ಚೆನ್ನಾಗಿರುತ್ತದೆ. ಇದರಲ್ಲಿ ನನಗೆ ಅನುಮಾನವೇ ಇಲ್ಲ.

ಕಾರಣ ಬಿಸಿಲು. ಮಳೆಗಿಂತ ಬಿಸಿಲೇ ಟೆಂಟನ್ನು ಜಾಸ್ತಿ ತಿನ್ನುತ್ತದೆ. ತೆಳು ನೈಲಾನ್ ಮೇಲೆ ದಿನವಿಡೀ ನೇರಳಾತೀತ ಕಿರಣ ಬಿದ್ದರೆ ಒಂದೇ ಬೇಸಿಗೆಯಲ್ಲಿ ಎಳೆಗಳ ಬಲ ಕುಗ್ಗುತ್ತದೆ. ಹೊರಗಿನಿಂದ ನೋಡಿದರೆ ಬಣ್ಣ ಸ್ವಲ್ಪ ಮಾಸಿದೆ ಅಷ್ಟೇ ಅನ್ನಿಸುತ್ತದೆ. ಎರಡು ಬೆರಳಲ್ಲಿ ಹಿಡಿದು ಎಳೆದರೆ ಹಳೇ ಪತ್ರಿಕೆಯ ಹಾಗೆ ಪರ್ ಅಂತ ಹರಿಯುತ್ತದೆ. ಪಾಲಿಯೆಸ್ಟರ್ ನೈಲಾನಿಗಿಂತ ಬಿಸಿಲು ತಡೆಯುತ್ತದೆ, ಒದ್ದೆಯಾದಾಗ ಜೋಲುವುದೂ ಕಡಿಮೆ. ಆದರೆ ಇವೆರಡರ ಒಳಮೈಗೂ ಹಚ್ಚಿರುವ ಪಾಲಿಯುರೇಥೇನ್ ಲೇಪ ತೇವದಲ್ಲಿ ನಿಧಾನಕ್ಕೆ ಕೊಳೆಯುತ್ತದೆ. ಅಂಟಂಟು ಆಗಿ, ಹುಳಿ ವಾಸನೆ ಬರಲು ಶುರುವಾದರೆ ಅದರ ಕಾಲ ಮುಗಿಯಿತು ಅಂತ ತಿಳಿಯಿರಿ.

ಕ್ಯಾನ್ವಾಸ್ ಉಸಿರಾಡುತ್ತದೆ. ಒಳಗಿನ ಹಬೆ ಸ್ವಲ್ಪ ಮಟ್ಟಿಗೆ ಬಟ್ಟೆಯ ಮೂಲಕವೇ ಹೊರಗೆ ಹೋಗುತ್ತದೆ. ಹರಿದರೆ ಹೊಲಿಯಬಹುದು. ಮಳೆಯ ಸದ್ದೂ ಮೆತ್ತಗೆ. ತೊಂದರೆ ಏನೆಂದರೆ ಭಾರ. ನಾಲ್ಕೈದು ಮೀಟರ್ ಅಗಲದ ಟೆಂಟನ್ನು ಒಬ್ಬರೇ ಎತ್ತಿಕೊಂಡು ದೂರ ನಡೆಯಲು ಆಗುವುದಿಲ್ಲ. ಮತ್ತೆ ಒದ್ದೆ ಮಡಿಸಿಟ್ಟರೆ ಬೂಷ್ಟು ಗ್ಯಾರಂಟಿ.

ಹೊಸ ಕ್ಯಾನ್ವಾಸನ್ನು ಮೊದಲು ‘ಪಳಗಿಸಬೇಕು’. ಟೆಂಟ್ ನಿಲ್ಲಿಸಿ, ಪೂರ್ತಿ ನೆನೆಯುವ ಹಾಗೆ ನೀರು ಹಾಯಿಸಿ, ಪೂರ್ತಿ ಒಣಗಲು ಬಿಡಿ. ಎರಡು ಮೂರು ಸಲ ಹೀಗೆ ಮಾಡಿ. ಹತ್ತಿಯ ಎಳೆ ಉಬ್ಬಿ ಹೊಲಿಗೆಯ ಸೂಜಿ ತೂತುಗಳು ಮುಚ್ಚಿಕೊಳ್ಳುತ್ತವೆ. ಇದನ್ನು ಮಾಡದೆ ಮೊದಲ ಮಳೆಗೇ ‘ಸೋರುತ್ತಿದೆ’ ಅಂತ ವಾಪಸ್ ಕೊಟ್ಟವರನ್ನು ನಾನು ನೋಡಿದ್ದೇನೆ.

ಪೆಟ್ಟಿಗೆ ಮೇಲೆ 1500 ಮಿಮೀ, 3000 ಮಿಮೀ ಅಂತ ಬರೆದಿರುತ್ತದಲ್ಲ, ಅದೇನು?

ಬಟ್ಟೆಯ ಮೇಲೆ ನೀರಿನ ಕಂಬ ನಿಲ್ಲಿಸಿದರೆ ಎಷ್ಟು ಎತ್ತರದವರೆಗೆ ಹನಿ ಒಳಗೆ ಬರದೆ ತಡೆಯುತ್ತದೆ ಅನ್ನುವ ಲೆಕ್ಕ. ಸೂರಿಗೆ 1500 ಮಿಮೀ ಇದ್ದರೆ ಸಾಮಾನ್ಯ ಮಳೆಗೆ ಸಾಕು. ಟೆಂಟಿನ ನೆಲದ ಬಟ್ಟೆಗೆ ಜಾಸ್ತಿ ಬೇಕು. ಮಂಡಿಯೂರಿ ಕೂತಾಗ ನಿಮ್ಮ ಇಡೀ ಭಾರ ಅಂಗೈಯಷ್ಟು ಜಾಗದ ಮೇಲೆ ಬಿದ್ದು ಕೆಳಗಿನ ನೀರನ್ನು ಮೇಲಕ್ಕೆ ಒತ್ತುತ್ತದೆ. ನೆಲಕ್ಕೆ 3000 ಮಿಮೀಗಿಂತ ಕಡಿಮೆಯದು ಬೇಡ.

ಎಷ್ಟು ದೊಡ್ಡದು ಬೇಕು?

ವಿಪತ್ತಿನ ನೆರವು ಕಾರ್ಯದಲ್ಲಿ ಬಳಸುವ ಸ್ಫಿಯರ್ ಮಾನದಂಡ ಒಬ್ಬರಿಗೆ ಕನಿಷ್ಠ 3.5 ಚದರ ಮೀಟರ್ ಜಾಗ ಇರಬೇಕು ಎನ್ನುತ್ತದೆ. ಚಳಿ ಪ್ರದೇಶದಲ್ಲಿ ಒಳಗೇ ಅಡುಗೆ, ಸ್ನಾನ ಮಾಡಬೇಕಾದ ಕಡೆ 4.5ರಿಂದ 5.5. ಇದು ಜೀವ ಹಿಡಿದುಕೊಳ್ಳಲು ಬೇಕಾದ ಜಾಗ, ನೆಮ್ಮದಿಯಾಗಿರಲು ಬೇಕಾದದ್ದಲ್ಲ. ನೆಮ್ಮದಿಗೆ ಅದರ ಎರಡರಷ್ಟು ಇಟ್ಟುಕೊಳ್ಳಿ. ಟೆಂಟಿನ ಮೇಲೆ ‘4 ಜನಕ್ಕೆ’ ಅಂತ ಬರೆದಿದ್ದರೆ ಅದು ನಾಲ್ಕು ಜನ ಪಕ್ಕಪಕ್ಕ ಮಲಗಿದರೆ ಹಿಡಿಸುತ್ತದೆ ಅಂತ ಅಷ್ಟೇ. ವಾಸಕ್ಕೆ ಅದು ಒಬ್ಬರಿಗೆ ಸರಿ.

ಅಗಲಕ್ಕಿಂತ ಎತ್ತರ ಮುಖ್ಯ ಅನ್ನುವುದು ನನ್ನ ಅಭಿಪ್ರಾಯ. ನೆಟ್ಟಗೆ ನಿಂತು ಪ್ಯಾಂಟ್ ಹಾಕಿಕೊಳ್ಳಲು ಆಗದ ಜಾಗದಲ್ಲಿ ಒಂದು ತಿಂಗಳು ಕಳೆದರೆ ಸೊಂಟವೇ ಹೇಳುತ್ತದೆ. ಹಾಗಂತ ತೀರಾ ದೊಡ್ಡದೂ ಬೇಡ. ಬೆಚ್ಚಗಿಡುವುದು ಕಷ್ಟ, ಗಾಳಿಗೂ ಜಾಸ್ತಿ ಸಿಗುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಗಾದೆ ಇಲ್ಲಿ ಅಕ್ಷರಶಃ ನಿಜ.

ಎಲ್ಲಿ ಹಾಕಬೇಕು?

ಟೆಂಟ್ ಆರಿಸುವುದಕ್ಕಿಂತ ಜಾಗ ಆರಿಸುವುದಕ್ಕೆ ಜಾಸ್ತಿ ಸಮಯ ಕೊಡಿ. ಸಾಧ್ಯವಾದರೆ ಜೋರು ಮಳೆ ಬರುವಾಗ ಕೊಡೆ ಹಿಡಿದುಕೊಂಡು ಹೋಗಿ ನೋಡಿ. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿ ಹರಿದು ಹೋಗುತ್ತದೆ ಅಂತ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. ಬೇಸಿಗೆಯಲ್ಲಿ ಹಸಿರು ಹುಲ್ಲು ಹಾಸಿದ ಚಪ್ಪಟೆ ಜಾಗ ಕಣ್ಣಿಗೆ ಚೆಂದ. ಸುತ್ತ ಎಲ್ಲ ಒಣಗಿರುವಾಗ ಅಲ್ಲಿ ಮಾತ್ರ ಹಸಿರು ಯಾಕಿದೆ? ಕೆಳಗೆ ನೀರು ನಿಲ್ಲುತ್ತದೆ, ಅದಕ್ಕೆ.

ತಗ್ಗಿನ ತಳದಲ್ಲಿ ಹಾಕಬೇಡಿ. ರಾತ್ರಿ ತಣ್ಣನೆ ಗಾಳಿ ಭಾರವಾಗಿ ನೀರಿನ ಹಾಗೆ ಕೆಳಕ್ಕೆ ಇಳಿದು ಅಲ್ಲೇ ತಂಗುತ್ತದೆ. ಇಬ್ಬನಿಯೂ ಅಲ್ಲೇ ಜಾಸ್ತಿ. ಗುಡ್ಡದ ತುದಿಯೂ ಬೇಡ, ಅಲ್ಲಿ ಗಾಳಿ ಮತ್ತು ಸಿಡಿಲಿನ ಕಾಟ. ಒಣಗಿದ ಹಳ್ಳದ ಪಾತ್ರದಲ್ಲಂತೂ ಬೇಡವೇ ಬೇಡ. ಮೇಲೆಲ್ಲೋ ಮಳೆ ಸುರಿದರೆ ನಿಮ್ಮ ತಲೆ ಮೇಲೆ ಮೋಡ ಇಲ್ಲದಿದ್ದರೂ ನೀರು ಬರುತ್ತದೆ. ಮರದ ಕೆಳಗೆ ಹಾಕುವ ಮುಂಚೆ ತಲೆಯೆತ್ತಿ ಒಣಕೊಂಬೆ ಇದೆಯಾ ನೋಡಿ. ನೆರಳು ಬೇಕು ನಿಜ, ಆದರೆ ಬೆಳಗಿನ ಬಿಸಿಲು ಮಾತ್ರ ಟೆಂಟಿನ ಮೇಲೆ ಬೀಳಲೇಬೇಕು. ರಾತ್ರಿಯ ತೇವ ಒಣಗುವುದು ಆಗಲೇ.

ಒಂದೆರಡು ತಿಂಗಳಿಗಿಂತ ಜಾಸ್ತಿ ಇರುವುದಾದರೆ ಮರದ ಹಲಗೆಯ ಅಟ್ಟಣೆ ಕಟ್ಟಿ ಅದರ ಮೇಲೆ ಹಾಕಿ. ನೆಲದಿಂದ ಒಂದು ಗೇಣು ಮೇಲಿದ್ದರೂ ಸಾಕು, ಕೆಳಗೆ ಗಾಳಿ ಆಡಬೇಕು.

ಮಳೆಗೆ ಸೋರುವುದಿಲ್ವಾ?

ಒಳ್ಳೆ ಟೆಂಟ್ ಮೇಲಿನಿಂದ ಸೋರುವುದು ಅಪರೂಪ. ಸೋರಿದರೂ ಹೊಲಿಗೆಯಲ್ಲಿ ಸೋರುತ್ತದೆ, ಅದಕ್ಕೆ ಹಚ್ಚುವ ಸೀಲರ್ ಸಿಗುತ್ತದೆ. ಒದ್ದೆಯಾದ ಕ್ಯಾನ್ವಾಸಿನ ಒಳಮೈಯನ್ನು ಮಾತ್ರ ಮುಟ್ಟಬೇಡಿ. ಪೆಟ್ಟಿಗೆಯನ್ನೋ ಬ್ಯಾಗನ್ನೋ ಗೋಡೆಗೆ ಒರಗಿಸಿದರೆ ಅಲ್ಲಿಂದಲೇ ನೀರು ಜಿನುಗಲು ಶುರುವಾಗುತ್ತದೆ.

ನೀರು ಬರುವುದು ಕೆಳಗಿನಿಂದ. ನನ್ನ ಮೊದಲ ಮಳೆಗಾಲದಲ್ಲಿ ಟೆಂಟಿನ ಅಡಿಗೆ ದೊಡ್ಡ ತಾಡಪಾಲು ಹಾಸಿದ್ದೆ. ದೊಡ್ಡದಿದ್ದಷ್ಟು ಒಳ್ಳೆಯದು ಅಂದುಕೊಂಡು ಸುತ್ತಲೂ ಒಂದಡಿ ಹೊರಗೆ ಬಿಟ್ಟಿದ್ದೆ. ರಾತ್ರಿ ಮಳೆ ಬಂತು. ಸೂರಿನಿಂದ ಇಳಿದ ನೀರೆಲ್ಲ ಆ ಹೊರಚಾಚಿದ ಅಂಚಿಗೆ ಬಿದ್ದು, ತಾಡಪಾಲಿಗೂ ಟೆಂಟಿನ ನೆಲಕ್ಕೂ ನಡುವೆ ಹರಿದು ನಿಂತಿತ್ತು. ಎದ್ದು ಕಾಲಿಟ್ಟರೆ ನೆಲ ನೀರು ತುಂಬಿದ ಚೀಲದ ಹಾಗೆ ಅಲುಗಾಡಿತು. ಬೆಳಗಿನ ಹೊತ್ತಿಗೆ ಹಾಸಿಗೆಯ ಅಡಿ ಪೂರ್ತಿ ನೆನೆದಿತ್ತು. ಕೆಳಗೆ ಹಾಸುವುದು ಟೆಂಟಿನ ನೆಲಕ್ಕಿಂತ ನಾಲ್ಕು ಬೆರಳು ಚಿಕ್ಕದಿರಬೇಕು. ಅಂಚು ಎಲ್ಲೂ ಹೊರಗೆ ಇಣುಕಬಾರದು. ಇಷ್ಟೇ ವಿಷಯ, ಆದರೆ ಯಾರೂ ನನಗೆ ಹೇಳಿರಲಿಲ್ಲ.

ಟೆಂಟಿನ ಬದುಕಲ್ಲಿ ಅತಿ ಕಷ್ಟದ್ದು ಯಾವುದು? ಚಳಿಯಾ?

ತೇವ. ಯಾರು ಕೇಳಿದರೂ ನಾನು ಇದನ್ನೇ ಹೇಳುವುದು. ಚಳಿಗೆ ಇನ್ನೊಂದು ಹೊದಿಕೆ ಹೊದ್ದುಕೊಳ್ಳಬಹುದು. ತೇವ ನಿಮ್ಮ ಹೊದಿಕೆಯನ್ನೇ ಹಾಳು ಮಾಡುತ್ತದೆ.

ಮಲಗಿರುವ ಒಬ್ಬ ಮನುಷ್ಯ ಉಸಿರು ಮತ್ತು ಚರ್ಮದ ಮೂಲಕ ಒಂದು ರಾತ್ರಿಯಲ್ಲಿ ಒಂದು ಲೋಟಕ್ಕಿಂತ ಜಾಸ್ತಿ ನೀರನ್ನು ಗಾಳಿಗೆ ಬಿಡುತ್ತಾನೆ. ಇಬ್ಬರಿದ್ದರೆ ಎರಡು ಲೋಟ. ಗ್ಯಾಸ್ ಉರಿಸಿದರೂ ನೀರು ಹುಟ್ಟುತ್ತದೆ. 1 ಕಿಲೋ ಪ್ರೋಪೇನ್ ಉರಿದರೆ ಸುಮಾರು 1.6 ಕಿಲೋ ನೀರಿನ ಆವಿ ಬರುತ್ತದೆ. ಗ್ಯಾಸ್ ಹೀಟರ್ ಹಚ್ಚಿ ಟೆಂಟ್ ‘ಒಣಗಿಸುತ್ತೇನೆ’ ಅನ್ನುವವರು ಒಳಗೆ ನೀರು ಸುರಿಯುತ್ತಿದ್ದಾರೆ ಅಂತ ಅರ್ಥ. ಈ ಬೆಚ್ಚನೆ ಹಬೆ ತಣ್ಣನೆ ಬಟ್ಟೆಗೆ ತಾಗಿದ ಕೂಡಲೇ ಹನಿಯಾಗುತ್ತದೆ. ಬೆಳಿಗ್ಗೆ ನಾಲ್ಕು ಗಂಟೆಗೆ ಟಾರ್ಚ್ ಹಾಕಿ ನೋಡಿದರೆ ಸೂರಿನ ಒಳಮೈ ತುಂಬ ಸಾಸಿವೆ ಗಾತ್ರದ ಹನಿಗಳು ಸಾಲಾಗಿ ಕೂತಿರುತ್ತವೆ. ಒಂದು ಜಾರಿ ಪಕ್ಕದ್ದನ್ನು ಸೇರಿ, ಎರಡೂ ಸೇರಿ ದೊಡ್ಡದಾಗಿ, ಸರಕ್ಕನೆ ಇಳಿದು ದಿಂಬಿನ ಮೇಲೆ ಬೀಳುತ್ತದೆ. ಹೊಸಬರು ಟೆಂಟ್ ಸೋರುತ್ತಿದೆ ಅಂದುಕೊಳ್ಳುತ್ತಾರೆ. ಸೋರುತ್ತಿಲ್ಲ, ಟೆಂಟ್ ಬೆವರುತ್ತಿದೆ.

ಉಪಾಯ ಗಾಳಿ. ಎಷ್ಟೇ ಚಳಿ ಇರಲಿ, ಕೆಳಗೊಂದು ಕಿಂಡಿ, ಮೇಲೊಂದು ಕಿಂಡಿ ತೆರೆದೇ ಇರಬೇಕು. ತಣ್ಣನೆ ಒಣಗಾಳಿ ಕೆಳಗಿನಿಂದ ಬಂದು, ಬೆಚ್ಚನೆ ಹಬೆ ಮೇಲಿನಿಂದ ಹೋಗಬೇಕು. ಚಳಿಗೆ ಹೆದರಿ ಎಲ್ಲ ಮುಚ್ಚಿದರೆ ಬೆಳಿಗ್ಗೆ ಒದ್ದೆ ಹೊದಿಕೆಯಲ್ಲಿ ನಡುಗುತ್ತೀರಿ. ಒದ್ದೆ ಬಟ್ಟೆಯನ್ನು ಒಳಗೆ ಒಣಹಾಕಬೇಡಿ. ಒದ್ದೆ ಚಪ್ಪಲಿ, ರೇನ್‌ಕೋಟ್ ಹೊರಗಿನ ಮಾಡಿನ ಕೆಳಗೇ ಇರಲಿ.

ದಿನದ ಕೆಲಸ ಒಂದಿದೆ, ತಪ್ಪಿಸುವ ಹಾಗಿಲ್ಲ. ಎದ್ದ ಕೂಡಲೇ ಬಾಗಿಲು ಪೂರ್ತಿ ತೆರೆಯುವುದು, ಹಾಸಿಗೆಯನ್ನು ಮಡಿಚಿಡದೆ ಎತ್ತಿ ನಿಲ್ಲಿಸುವುದು, ಹೊದಿಕೆಯನ್ನು ಹಗ್ಗದ ಮೇಲೆ ಹರವುವುದು, ಒಂದು ಬಟ್ಟೆಯಿಂದ ಸೂರಿನ ಒಳಮೈ ಒರೆಸುವುದು. ಕಾಲು ಗಂಟೆ ಹಿಡಿಯುತ್ತದೆ. ಹಾಸಿಗೆಯನ್ನು ನೆಲದ ಮೇಲೆ ಒಂದು ವಾರ ಹಾಗೇ ಬಿಟ್ಟು ಎತ್ತಿ ನೋಡಿ. ನಿಮ್ಮ ಬೆನ್ನಿನ ಆಕಾರದಲ್ಲೇ ಕಪ್ಪು ಬೂಷ್ಟು ಕೂತಿರುತ್ತದೆ. ಮೈಯ ಬೆಚ್ಚನೆ ತೇವ ಹಾಸಿಗೆಯೊಳಗಿನಿಂದ ಇಳಿದು ತಣ್ಣನೆ ನೆಲ ಸಿಕ್ಕಲ್ಲಿ ನೀರಾಗುತ್ತದೆ. ಹಗ್ಗದ ಮಂಚವೋ, ಸಂದಿರುವ ಹಲಗೆಯ ಮಂಚವೋ, ಏನಾದರೂ ಸರಿ, ಅಡಿಯಲ್ಲಿ ಗಾಳಿ ಆಡಬೇಕು.

ಬೂಷ್ಟು ಬಂದುಬಿಟ್ಟರೆ ಪೂರ್ತಿ ಒಣಗಿಸಿ, ಮೆತ್ತನೆ ಬ್ರಶ್‌ನಿಂದ ಉಜ್ಜಿ ತೆಗೆಯಿರಿ. ನೀರು ಬೆರೆಸಿದ ವಿನೆಗರ್ ಹಚ್ಚಬಹುದು. ಬ್ಲೀಚ್ ಬೇಡ, ಹತ್ತಿಯ ಎಳೆ ಸವೆಯುತ್ತದೆ. ಬಟ್ಟೆ ಸೋಪಿನ ಪುಡಿಯೂ ಬೇಡ, ನೀರು ತಡೆಯುವ ಗುಣ ಹೋಗುತ್ತದೆ.

ಚಳಿಗೆ ಏನು ಮಾಡುತ್ತೀರಿ?

ಮೇಲೆ ಹೊದೆಯುವುದಕ್ಕಿಂತ ಕೆಳಗೆ ಹಾಸುವುದರ ಕಡೆ ಗಮನ ಕೊಡಿ. ನೆಲ ಮೈಯ ಶಾಖವನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ಮೈ ಭಾರಕ್ಕೆ ಅಡಿಯಲ್ಲಿರುವ ಹೊದಿಕೆ ಅಪ್ಪಚ್ಚಿಯಾಗಿ ಪ್ರಯೋಜನಕ್ಕೆ ಬರುವುದಿಲ್ಲ. ಮಲಗುವ ಮ್ಯಾಟ್‌ಗಳಿಗೆ ‘ಆರ್-ವ್ಯಾಲ್ಯೂ’ ಅಂತ, ಶಾಖ ಹೋಗದಂತೆ ಎಷ್ಟು ತಡೆಯುತ್ತದೆ ಅನ್ನುವ ಒಂದು ಅಂಕೆ ಇರುತ್ತದೆ. ನೀರು ಹೆಪ್ಪುಗಟ್ಟುವಷ್ಟು ಚಳಿ ಇದ್ದರೆ 4ಕ್ಕಿಂತ ಜಾಸ್ತಿ ಇರುವುದು ಬೇಕು. ಎರಡು ಮ್ಯಾಟ್ ಒಂದರ ಮೇಲೊಂದು ಹಾಕಿದರೆ ಅಂಕೆ ಕೂಡುತ್ತದೆ.

ಹಕ್ಕಿ ಪುಕ್ಕದ ಹೊದಿಕೆ ಬೆಚ್ಚಗಿರುತ್ತದೆ, ಆದರೆ ಒದ್ದೆಯಾದರೆ ಮುದ್ದೆಯಾಗಿ ಕೆಲಸ ಕೊಡುವುದಿಲ್ಲ. ಖಾಯಂ ವಾಸಕ್ಕೆ ಉಣ್ಣೆ ಅಥವಾ ಸಿಂಥೆಟಿಕ್ ಸರಿ.

ಕಟ್ಟಿಗೆ ಒಲೆ ಇಡುವುದಾದರೆ ಕ್ಯಾನ್ವಾಸ್ ಟೆಂಟಿನಲ್ಲಿ ಮಾತ್ರ, ಅದೂ ಟೆಂಟಿಗೆಂದೇ ಮಾಡಿದ ಒಲೆ. ಹೊಗೆಕೊಳವೆ ಸೂರಿನ ತುದಿಗಿಂತ ಮೇಲೆ ಹೋಗಬೇಕು. ಅದು ಬಟ್ಟೆ ದಾಟುವ ಕಡೆ ಬಿಸಿ ತಡೆಯುವ ಪಟ್ಟಿ, ತುದಿಯಲ್ಲಿ ಕಿಡಿ ಹಿಡಿಯುವ ಜಾಲರಿ, ಅಡಿಯಲ್ಲಿ ಬೆಂಕಿ ಹತ್ತದ ಹಾಸು. ಕಟ್ಟಿಗೆ ಒಲೆಯ ಒಂದು ದೊಡ್ಡ ಉಪಕಾರ ಏನೆಂದರೆ ಅದರ ಹಬೆ ಕೊಳವೆಯಲ್ಲೇ ಹೊರಗೆ ಹೋಗುತ್ತದೆ, ಒಳಗೆ ಒಣ ಶಾಖ ಉಳಿಯುತ್ತದೆ.

ಟೆಂಟಿನ ಒಳಗೆ ಅಡುಗೆ ಮಾಡಬಹುದಾ? ಕೆಂಡ ಇಟ್ಟುಕೊಂಡು ಮಲಗಬಹುದಾ?

ಕೆಂಡ ಇಟ್ಟುಕೊಂಡು ಮಲಗಲೇಬೇಡಿ. ಈ ಪುಟದಲ್ಲಿ ಬೇರೆ ಏನು ಮರೆತರೂ ಇದನ್ನು ಮರೆಯಬೇಡಿ.

ಉರಿ ಆರಿ ಬೂದಿ ಮುಚ್ಚಿದ ಕೆಂಡವೂ ಗಂಟೆಗಟ್ಟಲೆ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಾನಿಲ ಬಿಡುತ್ತಿರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮಲಗಿದವರು ಹಾಗೇ ಹೋಗಿಬಿಡುತ್ತಾರೆ. ‘ಸ್ವಲ್ಪ ಬೆಚ್ಚಗಾಗಲಿ’ ಅಂತ ಕೆಂಡದ ತಟ್ಟೆಯನ್ನು ಒಳಗೆ ತಂದು ಇಡೀ ಕುಟುಂಬ ಬೆಳಿಗ್ಗೆ ಏಳದ ಘಟನೆಗಳು ಎಷ್ಟೋ ನಡೆದಿವೆ.

ಎರಡನೇ ವರ್ಷದ ಒಂದು ಸಂಜೆ ಗಾಳಿಮಳೆ ಅಂತ ಜಿಪ್ ಎಳೆದು ಒಳಗೇ ಚಿಕ್ಕ ಗ್ಯಾಸ್ ಸ್ಟೋವ್ ಹಚ್ಚಿದ್ದೆ. ಸ್ವಲ್ಪ ಹೊತ್ತಿಗೆ ಹಣೆ ಬಿಗಿದುಕೊಂಡ ಹಾಗಾಯಿತು, ಆಮೇಲೆ ಹೊಟ್ಟೆ ತೊಳಸಿತು. ದಣಿವು ಇರಬೇಕು ಅಂದುಕೊಂಡು ಮಲಗಲು ಹೊರಟಿದ್ದೆ. ಪಾತ್ರೆ ತೊಳೆಯಲು ಹೊರಗೆ ಬಂದಾಗ ಕಾಲು ಎಡವಿತು. ಮಳೆಯಲ್ಲೇ ಕೂತು ಉಸಿರೆಳೆದುಕೊಂಡೆ. ಮಲಗಿಬಿಟ್ಟಿದ್ದರೆ ಇದನ್ನು ಬರೆಯಲು ನಾನಿರುತ್ತಿರಲಿಲ್ಲ. ತಲೆನೋವು, ತಲೆಸುತ್ತು, ವಾಕರಿಕೆ ಒಟ್ಟಿಗೆ ಬಂದರೆ ಮೊದಲು ಹೊರಗೆ ಬನ್ನಿ, ಯೋಚನೆ ಆಮೇಲೆ.

ಅಡುಗೆಗೆ ಬೇರೆ ಮಾಡು ಕಟ್ಟಿಕೊಳ್ಳಿ. ನಾಲ್ಕು ಕಂಬ, ಒಂದು ತಾಡಪಾಲು, ಸುತ್ತ ತೆರೆದಿರಲಿ. ಒಳಗೆ ಒಲೆ ಇದ್ದರೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಬೇಕೇ ಬೇಕು. ಮಲಗುವ ಕಡೆ ಕೈಗೆ ಸಿಗುವ ಹಾಗೆ ಒಂದು ಹರಿತವಾದ ಚಾಕು ಇಡಿ. ಬಾಗಿಲ ಕಡೆ ಬೆಂಕಿ ಹತ್ತಿದರೆ ಗೋಡೆ ಸೀಳಿ ಹೊರಗೆ ಬರಬಹುದು.

ಬಿರುಗಾಳಿ, ಸಿಡಿಲು ಬಂದರೆ?

ಗಾಳಿಯ ವೇಗ ಎರಡರಷ್ಟಾದರೆ ಟೆಂಟಿನ ಮೇಲಿನ ಒತ್ತಡ ನಾಲ್ಕರಷ್ಟಾಗುತ್ತದೆ. ಹಾಗಾಗಿ ‘ನಿನ್ನೆಯ ಗಾಳಿಗೆ ನಿಂತಿತ್ತಲ್ಲ’ ಅನ್ನುವ ಧೈರ್ಯ ಕೆಲಸಕ್ಕೆ ಬಾರದು. ಟೆಂಟ್ ಜತೆ ಬರುವ ತೆಳು ಗೂಟಗಳನ್ನು ಪಕ್ಕಕ್ಕಿಟ್ಟು ಉದ್ದನೆ ದಪ್ಪ ಗೂಟ ತನ್ನಿ. ಮಳೆಯಲ್ಲಿ ಮಣ್ಣು ಮೆತ್ತಗಾದಾಗ ಗೂಟ ಕಿತ್ತು ಬರುತ್ತದೆ, ಆಗ ಗೂಟದ ಮೇಲೆ ದೊಡ್ಡ ಕಲ್ಲು ಹೇರಿ. ಹತ್ತಿಯ ಹಗ್ಗ ನೆನೆದರೆ ಬಿಗಿಯಾಗುತ್ತದೆ, ನೈಲಾನ್ ನೆನೆದರೆ ಸಡಿಲವಾಗುತ್ತದೆ. ನಿಮ್ಮದು ಯಾವುದು ಅಂತ ತಿಳಿದುಕೊಂಡು ಮಳೆಗೆ ಮುಂಚೆ ಸರಿಮಾಡಿ.

ಸಿಡಿಲಿಗೆ ಟೆಂಟ್ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ. ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡಿಗಿಂತ ಕಡಿಮೆ ಇದ್ದರೆ ಗಟ್ಟಿ ಕಟ್ಟಡಕ್ಕೋ ಲೋಹದ ಸೂರಿನ ಕಾರಿಗೋ ಹೋಗಿ. ಕೊನೆಯ ಗುಡುಗು ಕೇಳಿ 30 ನಿಮಿಷ ಆದಮೇಲೆ ವಾಪಸ್ ಬನ್ನಿ. ಹಾಗೆ ಓಡಿಹೋಗಲು ಒಂದು ಜಾಗ ಹತ್ತಿರದಲ್ಲಿ ಇಲ್ಲದಿದ್ದರೆ ಆ ಜಾಗದಲ್ಲಿ ಟೆಂಟ್ ಹಾಕಬೇಡಿ ಅನ್ನುವುದೇ ನನ್ನ ಸಲಹೆ.

ಬೇಸಿಗೆಯಲ್ಲಿ?

ಹಗಲು ಹೊತ್ತು ಒಳಗೆ ಕೂರಲು ಆಗುವುದಿಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಟೆಂಟಿನ ಸೂರಿಗೆ ತಾಗದ ಹಾಗೆ ಒಂದು ಮೊಳ ಮೇಲೆ ಇನ್ನೊಂದು ಬಟ್ಟೆ ಕಟ್ಟಿದರೆ ಬಹಳ ವ್ಯತ್ಯಾಸ ಆಗುತ್ತದೆ. ಬಿಸಿಲು ನೇರ ತಾಗದೆ ಟೆಂಟಿನ ಆಯಸ್ಸೂ ಉಳಿಯುತ್ತದೆ.

ನೀರು, ಶೌಚ ಹೇಗೆ?

ನೀರಿನ ಮೂಲ ಅನುಮಾನವಿದ್ದರೆ ಕುದಿಸಿ. ಕೊತಕೊತ ಕುದಿ ಬಂದ ಮೇಲೆ 1 ನಿಮಿಷ, ಸಮುದ್ರಮಟ್ಟದಿಂದ 2000 ಮೀಟರ್‌ಗಿಂತ ಎತ್ತರದಲ್ಲಿ 3 ನಿಮಿಷ. ಎತ್ತರದಲ್ಲಿ ನೀರು ಕಡಿಮೆ ಶಾಖಕ್ಕೇ ಕುದಿಯುತ್ತದೆ, ಅದಕ್ಕೆ.

ಒಂದೆರಡು ದಿನಕ್ಕಾದರೆ ನೀರಿನಿಂದ 60 ಮೀಟರ್ ದೂರದಲ್ಲಿ 15–20 ಸೆಂಟಿಮೀಟರ್ ಗುಂಡಿ ತೋಡಿ ಮುಚ್ಚಿದರೆ ಆಯಿತು. ಮೇಲಿನ ಮಣ್ಣಿನಲ್ಲೇ ಕೊಳೆಸುವ ಸೂಕ್ಷ್ಮಜೀವಿಗಳು ಜಾಸ್ತಿ ಇರುವುದು. ಖಾಯಂ ಇರುವವರಿಗೆ ಇದು ಸಾಲದು. ಮರದ ಹೊಟ್ಟು ಹಾಕುವ ಕಾಂಪೋಸ್ಟ್ ಶೌಚ ಮಾಡಿಕೊಳ್ಳಿ. ಮೂತ್ರ ಬೇರೆ, ಮಲ ಬೇರೆ ಆದರೆ ವಾಸನೆ ಇರುವುದಿಲ್ಲ. ಅದಕ್ಕೊಂದು ಪುಟ್ಟ ಬೇರೆ ಟೆಂಟ್ ಇರಲಿ. ಈ ವಿಷಯದಲ್ಲಿ ನಾಚಿಕೊಂಡು ‘ಹೇಗೋ ಆಗುತ್ತೆ’ ಅಂತ ಬಿಟ್ಟವರು ಮೊದಲ ತಿಂಗಳಲ್ಲೇ ಗಂಟುಮೂಟೆ ಕಟ್ಟುತ್ತಾರೆ.

ಕರೆಂಟ್?

100 ವ್ಯಾಟ್‌ನ ಒಂದು ಸೋಲಾರ್ ಫಲಕ ನಾಲ್ಕು ಗಂಟೆ ಒಳ್ಳೆ ಬಿಸಿಲು ಸಿಕ್ಕರೆ ಸುಮಾರು 300 ವ್ಯಾಟ್-ಅವರ್ ಕೊಡುತ್ತದೆ. 5 ವ್ಯಾಟ್‌ನ ಎಲ್ಇಡಿ ಐದು ಗಂಟೆ ಉರಿದರೆ 25 ಆಯಿತು. ಫೋನ್, ಲ್ಯಾಪ್‌ಟಾಪ್ ಸೇರಿಸಿದರೂ ಆರಾಮ. ಹೀಟರ್, ಇಸ್ತ್ರಿಪೆಟ್ಟಿಗೆ ಮಾತ್ರ ಮರೆತುಬಿಡಿ. ಮೋಡದ ವಾರಗಳಿಗೆ ಲೆಕ್ಕ ಹಾಕಿ ಬ್ಯಾಟರಿ ಕೊಳ್ಳಿ. ಲಿಥಿಯಂ ಬ್ಯಾಟರಿಯನ್ನು 0 ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು, ಹಾಳಾಗುತ್ತದೆ.

ಇಲಿ, ಹಾವು, ಹುಳ?

ಇಲಿ ಬಂದರೆ ಉಳಿದವೂ ಅದರ ಹಿಂದೆಯೇ ಬರುತ್ತವೆ. ತಿನ್ನುವ ಯಾವುದನ್ನೂ ಮಲಗುವ ಟೆಂಟಿನಲ್ಲಿ ಇಡಬೇಡಿ. ಮುಚ್ಚಳ ಬಿಗಿಯಾದ ತಗಡಿನ ಡಬ್ಬಿ ಬೇಕು, ಪ್ಲಾಸ್ಟಿಕ್ಕನ್ನು ಇಲಿ ಒಂದೇ ರಾತ್ರಿಯಲ್ಲಿ ಕೊರೆಯುತ್ತದೆ. ಶೂ ಹಾಕುವ ಮುಂಚೆ ಕೊಡವಿ. ಹಳದಿ ಬೆಳಕಿಗೆ ಹುಳ ಕಡಿಮೆ.

ಖಾಸಗಿತನ ಇರುತ್ತಾ? ಒಬ್ಬರೇ ಇರಲು ಭಯವಾಗಲ್ವಾ?

ರಾತ್ರಿ ಒಳಗೆ ದೀಪ ಹಚ್ಚಿ ಒಂದು ಸಲ ಹೊರಗೆ ನಿಂತು ನೋಡಿ. ಒಳಗಿರುವವರ ನೆರಳು ಬಟ್ಟೆಯ ಮೇಲೆ ತೊಗಲುಗೊಂಬೆಯಾಟದ ಹಾಗೆ ಕಾಣುತ್ತದೆ. ತಲೆ ಬಾಚುವುದು, ಅಂಗಿ ಬದಲಿಸುವುದು ಎಲ್ಲ. ದೀಪವನ್ನು ಗೋಡೆಯ ಹತ್ತಿರ, ಕೆಳಗೆ, ನಿಮ್ಮ ಮುಂದೆ ಇಡದೆ ಮೇಲಿನಿಂದ ತೂಗುಹಾಕಿದರೆ ನೆರಳು ಚಿಕ್ಕದಾಗಿ ನೆಲಕ್ಕೆ ಬೀಳುತ್ತದೆ. ಮಾತು ಕೂಡ ಹಾಗೇ. ಪಿಸುಗುಟ್ಟಿದ್ದೂ ಪಕ್ಕದ ಟೆಂಟಿಗೆ ಕೇಳುತ್ತದೆ.

ಭಯ ಇತ್ತು. ಮೊದಲ ತಿಂಗಳು ಪ್ರತಿ ಸದ್ದಿಗೂ ಎದ್ದು ಕೂರುತ್ತಿದ್ದೆ. ಆಮೇಲೆ ಕಿವಿ ಕಲಿಯುತ್ತದೆ. ಎಲೆ ಮೇಲೆ ಇಲಿ ಓಡಿದ್ದಕ್ಕೂ ಮನುಷ್ಯ ಕಾಲಿಟ್ಟದ್ದಕ್ಕೂ ವ್ಯತ್ಯಾಸ ನಿದ್ದೆಯಲ್ಲೇ ಗೊತ್ತಾಗುತ್ತದೆ. ಹಾಗಂತ ಜಿಪ್ಪಿಗೆ ಬೀಗ ಹಾಕಿದರೆ ಸುರಕ್ಷಿತ ಅಂದುಕೊಳ್ಳಬೇಡಿ, ಬಟ್ಟೆ ಬಟ್ಟೆಯೇ. ಬೆಲೆಬಾಳುವುದನ್ನು ಬೇರೆ ಕಡೆ ಇಡಿ. ನೀವು ಎಲ್ಲಿದ್ದೀರಿ ಅಂತ ನಂಬಿಕಸ್ತರಿಬ್ಬರಿಗೆ ಗೊತ್ತಿರಲಿ, ದಿನಕ್ಕೊಮ್ಮೆ ಮಾತಾಡುವ ರೂಢಿ ಇರಲಿ.

ಕಾನೂನು ಏನು ಹೇಳುತ್ತದೆ? ವಿಳಾಸ?

ಸ್ವಂತ ಜಮೀನಾದರೂ ಅದರಲ್ಲಿ ಟೆಂಟ್ ಹಾಕಿ ಖಾಯಂ ವಾಸ ಮಾಡಲು ಬಹಳ ಕಡೆ ಅನುಮತಿ ಬೇಕು. ಇಷ್ಟೇ ದಿನ ಅನ್ನುವ ಮಿತಿ ಇರುವ ಕಡೆಗಳೂ ಇವೆ. ಇನ್ನೊಬ್ಬರ ಜಾಗವಾದರೆ ಒಪ್ಪಿಗೆಯನ್ನು ಬಾಯಿಮಾತಲ್ಲಿ ಬಿಡದೆ ಬರೆಸಿಕೊಳ್ಳಿ. ನನಗೆ ಒಮ್ಮೆ ‘ಎಷ್ಟು ದಿನ ಬೇಕಾದರೂ ಇರಿ’ ಅಂದವರೇ ಮಳೆ ಶುರುವಾದ ವಾರ ಖಾಲಿ ಮಾಡಿ ಅಂದರು. ಕಾಗದ ಇರಲಿಲ್ಲ, ನಾನು ಹೊರಡಬೇಕಾಯಿತು. ಒದ್ದೆ ಕ್ಯಾನ್ವಾಸ್ ಒಣ ಕ್ಯಾನ್ವಾಸಿಗಿಂತ ಎಷ್ಟು ಭಾರ ಅನ್ನುವುದು ಅವತ್ತು ತಿಳಿಯಿತು.

ಬ್ಯಾಂಕು, ಮತದಾರರ ಪಟ್ಟಿ, ಅಂಚೆ, ಆಸ್ಪತ್ರೆ ಎಲ್ಲವೂ ವಿಳಾಸ ಕೇಳುತ್ತವೆ. ಹೊರಡುವ ಮುಂಚೆಯೇ ಮನೆಯವರದ್ದೋ ಸ್ನೇಹಿತರದ್ದೋ ಒಂದು ಖಾಯಂ ವಿಳಾಸಕ್ಕೆ ಎಲ್ಲ ಬದಲಿಸಿಕೊಳ್ಳಿ.

ಖರ್ಚು ಉಳಿಯುತ್ತಾ?

ಬಾಡಿಗೆ ಉಳಿಯುತ್ತದೆ. ಆದರೆ ಅದರಲ್ಲಿ ಒಂದಷ್ಟು ಬೇರೆ ದಾರಿಯಲ್ಲಿ ಹೋಗುತ್ತದೆ. ಬಟ್ಟೆ ಒಗೆಸಲು, ಫೋನ್ ನೆಟ್‌ವರ್ಕಿಗೆ, ಸಾಮಾನು ಬೇರೆಡೆ ಇಡಲು, ತೇಪೆ ಹಾಕಲು. ಮುಖ್ಯವಾಗಿ ಸಮಯ ಹೋಗುತ್ತದೆ. ನೀರು ಹೊರುವುದು, ಕಟ್ಟಿಗೆ ಸೀಳುವುದು, ಒಣಗಿಸುವುದು ಎಲ್ಲ ಸೇರಿ ದಿನಕ್ಕೆ ಎರಡು ಗಂಟೆ. ಬರೀ ಹಣ ಉಳಿಸುವುದಕ್ಕೆ ಬರುವವರು ಬಹಳ ದಿನ ನಿಲ್ಲುವುದಿಲ್ಲ ಅನ್ನುವುದು ನಾನು ಕಂಡ ಸತ್ಯ. ಈ ಕೆಲಸಗಳೇ ಇಷ್ಟವಾಗುವವರು ಉಳಿಯುತ್ತಾರೆ.

ಒಂದು ಟೆಂಟ್ ಎಷ್ಟು ವರ್ಷ ಬರುತ್ತದೆ?

ನೋಡಿಕೊಂಡ ಹಾಗೆ. ನನ್ನ ಕ್ಯಾನ್ವಾಸಿಗೆ ನಾಲ್ಕು ವರ್ಷ ಆಯಿತು, ಇನ್ನೂ ಎರಡು ವರ್ಷ ಬರುವ ಹಾಗಿದೆ. ಮೊದಲು ಹೋಗುವುದು ಜಿಪ್. ಮಣ್ಣಿನ ಕಣ ಸೇರಿ ಅದರ ಎಳೆಯುವ ಸ್ಲೈಡರ್ ಸವೆದು ಹಲ್ಲು ಕೂಡುವುದಿಲ್ಲ. ವಾರಕ್ಕೊಮ್ಮೆ ಹಳೇ ಟೂತ್‌ಬ್ರಶ್‌ನಿಂದ ಉಜ್ಜಿ, ಮೇಣದಬತ್ತಿ ಸವರಿ. ದಪ್ಪ ಸೂಜಿ, ಮೇಣ ಹಚ್ಚಿದ ದಾರ, ಅದೇ ಬಟ್ಟೆಯ ತುಂಡು ಯಾವಾಗಲೂ ಕೈಯಲ್ಲಿರಲಿ. ಕಿರುಬೆರಳಷ್ಟು ಹರಿದಾಗಲೇ ಹೊಲಿಯಿರಿ. ಮುಂದಿನ ಗಾಳಿಗೆ ಅದು ಮೊಳವಾಗುತ್ತದೆ.

ನಿದ್ದೆ ಬರುತ್ತಾ? ಬೇಜಾರು ಆಗಲ್ವಾ?

ನಿದ್ದೆಯಂಥ ನಿದ್ದೆ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕೆ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ಸಂಶೋಧಕರು ಎಂಟು ಜನರನ್ನು ಒಂದು ವಾರ ಟೆಂಟಿನಲ್ಲಿ ಇರಿಸಿದ್ದರು. ವಿದ್ಯುತ್ ದೀಪ ಇಲ್ಲ, ಹಗಲು ಬೆಳಕು ಮತ್ತು ಬೆಂಕಿಯ ಬೆಳಕು ಮಾತ್ರ. ಅಷ್ಟರಲ್ಲೇ ಅವರ ದೇಹದ ಗಡಿಯಾರ ಸೂರ್ಯನ ಉದಯ, ಅಸ್ತಕ್ಕೆ ಹೊಂದಿಕೊಂಡಿತ್ತು. ನನಗೂ ಹಾಗೇ ಆಯಿತು. ಕತ್ತಲಾದ ಎರಡು ಗಂಟೆಗೆ ಕಣ್ಣು ಎಳೆಯುತ್ತದೆ, ಬೆಳಕು ಬಟ್ಟೆಗೆ ತಾಗುವ ಮುಂಚೆ ಎಚ್ಚರ.

ಬೇಜಾರು ಆಗುತ್ತದೆ. ಹೆಚ್ಚಾಗಿ ಮಳೆಗಾಲದ ಮೂರನೇ ವಾರ. ಯಾವುದೂ ಒಣಗುವುದಿಲ್ಲ, ಯಾರೂ ಬರುವುದಿಲ್ಲ. ಆಗ ಎರಡು ದಿನ ಯಾರದ್ದಾದರೂ ಮನೆಗೆ ಹೋಗಿ ಬಿಸಿನೀರು ಸ್ನಾನ ಮಾಡಿ ಬರುವುದು ಸೋಲಲ್ಲ. ನಾನು ಪ್ರತಿ ವರ್ಷ ಹೋಗುತ್ತೇನೆ.

ಮಕ್ಕಳು, ವಯಸ್ಸಾದವರ ಜತೆ ಇರಬಹುದಾ?

ಉಬ್ಬಸ ಇದ್ದವರಿಗೆ ಬೂಷ್ಟು ತುಂಬಾ ಕೆಟ್ಟದ್ದು, ಅಂಥವರನ್ನು ಕರೆತರಬೇಡಿ. ಎಳೆ ಮಗುವಿಗೆ, ರಾತ್ರಿ ಹಲವು ಸಲ ಏಳಬೇಕಾದ ಹಿರಿಯರಿಗೆ ಇದು ಸರಿಯಾದ ಜಾಗವಲ್ಲ. ಶಾಲೆಗೆ ಹೋಗುವ ಮಕ್ಕಳಾದರೆ ರಜೆಯಲ್ಲಿ ಕರೆತನ್ನಿ, ಇರಬೇಕಾ ಬೇಡವಾ ಅಂತ ಅವರೇ ಹೇಳುತ್ತಾರೆ.

ಹೇಗೆ ಶುರು ಮಾಡುವುದು?

ಮನೆ ಬಿಡದೆ ಶುರು ಮಾಡಿ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ. ಮೊದಲು ಮೂರು ರಾತ್ರಿ, ಆಮೇಲೆ ಎರಡು ವಾರ, ಆಮೇಲೆ ಬೇಕಂತಲೇ ಕೆಟ್ಟ ಹವೆಯಲ್ಲಿ ಒಂದು ತಿಂಗಳು. ಕೆಲಸಕ್ಕೆ ಹೋಗುತ್ತಾ, ಬಟ್ಟೆ ಒಗೆಯುತ್ತಾ, ಜ್ವರ ಬಂದರೂ ಅಲ್ಲೇ ಇದ್ದು ನೋಡಿ. ಒಳ್ಳೆ ಬಿಸಿಲಿನ ವಾರದಲ್ಲಿ ನಿರ್ಧಾರ ಮಾಡಬೇಡಿ. ಮನೆಯ ಸಾಮಾನನ್ನು ಒಂದು ವರ್ಷ ಆಗುವವರೆಗೆ ಮಾರಬೇಡಿ. ವಾಪಸ್ ಬಂದು ಬಾಡಿಗೆ ಮನೆ ಹಿಡಿಯುವಷ್ಟು ಹಣ ಪಕ್ಕಕ್ಕಿಟ್ಟಿರಿ, ಅದನ್ನು ಮುಟ್ಟಬೇಡಿ.

ಬಿಟ್ಟು ಹೊರಡುವಾಗ?

ಜಾಗವನ್ನು ಮೊದಲಿನ ಹಾಗೆ ಮಾಡಿ ಹೋಗಬೇಕು. ಗೂಟದ ತೂತು, ನೀರಿನ ಕಾಲುವೆ ಮುಚ್ಚಿ. ಟೆಂಟಿನ ಅಡಿಯ ಹುಲ್ಲು ಸತ್ತು ಮಣ್ಣು ಗಟ್ಟಿಯಾಗಿರುತ್ತದೆ, ಗುದ್ದಲಿಯಿಂದ ಕೆದಕಿ ಸಡಿಲ ಮಾಡಿದರೆ ಮುಂದಿನ ಮಳೆಗೆ ಹಸಿರು ಬರುತ್ತದೆ. ದಾರದ ತುಂಡು, ಮುರಿದ ಕೊಂಡಿ ಎಲ್ಲ ಹೆಕ್ಕಿ.

ಟೆಂಟನ್ನು ಒಣ ದಿನ ನೋಡಿ ಇಳಿಸಿ. ಬಟ್ಟೆಯ ನಡುಭಾಗ ಬೇಗ ಒಣಗುತ್ತದೆ. ಅದನ್ನು ಮುಟ್ಟಿ ಒಣಗಿದೆ ಅಂದುಕೊಳ್ಳಬೇಡಿ. ಬುಡದ ಅಂಚು, ಹೊಲಿಗೆಯ ಮಡಿಕೆ, ಹಗ್ಗ ಕಟ್ಟುವ ಪಟ್ಟಿಯ ಬುಡ, ಇವನ್ನು ಕೆನ್ನೆಗೆ ಒತ್ತಿ ನೋಡಿ. ಎಲ್ಲಾದರೂ ತಣ್ಣಗೆ ತಾಗಿದರೆ ಇನ್ನೊಂದು ದಿನ ಬಿಸಿಲಿಗೆ ಬಿಟ್ಟು ಆಮೇಲೆ ಮಡಿಸಿ.